ಎಲೆ ಮಗುಚಿ ನೋಡಿದ ಸಿಸ್ಟ್ರಮ್ಮ

ಹೋದ ವರ್ಷ ಅವರೆಕಾಯಿ ಕಾಲ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ. ಮಧುಗಿರಿಯ ನೋಂದಣಿ ಕಚೇರಿಯ ಎದುರು ನನ್ನದೊಂದು ಮೇಜು, ಎರಡು ಕುರ್ಚಿ. ಜಮೀನಿನ ಪತ್ರ ಬರೆಯುವುದು ನನ್ನ ಕಸುಬು. ಒಂದು ಕ್ರಯಪತ್ರದ ಚೆಕ್ಕುಬಂದಿ ಬರೆಯುತ್ತಿದ್ದೆ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಹಳ್ಳ, ಇನ್ನು ಉತ್ತರ ಬರೆಯಬೇಕು, ಅಷ್ಟರಲ್ಲಿ ಫೋನು ಮಿನುಗಿತು. ನಮ್ಮ ಗಿಡದ ವಾಟ್ಸಾಪ್ ಗುಂಪಿನಲ್ಲಿ ಬೂದು ಅಕ್ಷರದ ಒಂದೇ ಸಾಲು. ಸಿಸ್ಟ್ರಮ್ಮ ಗುಂಪು ಬಿಟ್ಟಿದ್ದಾರೆ.

ಎದುರು ಕೂತಿದ್ದ ಐ.ಡಿ.ಹಳ್ಳಿ ಕಡೆಯ ರೈತ ನನ್ನ ಮುಖ ನೋಡಿ, “ಯಾರಾರ ಹೋಗ್ಬುಟ್ರಾ ಸ್ವಾಮಿ?” ಎಂದ.

“ಇಲ್ಲಪ್ಪ, ಚೆನ್ನಾಗವ್ರೆ. ಗುಂಪು ಬುಟ್ಟು ಹೋದ್ರು, ಅಷ್ಟೆ.”

ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಿರಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಮಹಡಿ, ಹಿತ್ತಲು, ಕಿಟಕಿ ಕಟ್ಟೆಗಳ ಮೇಲೆ ಬೆಳೆಯುವ ಅಷ್ಟೂ ಗಿಡಗಳಿಗೆ ಜ್ವರ ಬಂದರೆ ಮೊದಲು ಕೇಳುತ್ತಿದ್ದುದು ಅವರನ್ನು. ಅವರೇ ಹೊರಟರೆ ಹೇಗೆ?

ಅವರ ಹೆಸರು ಗುಂಪಿನ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿರುವ ನಾನೂ ಇಲ್ಲಿ ಬರೆಯುವುದಿಲ್ಲ, ಬರೆದರೆ ಬಯ್ಯುತ್ತಾರೆ. ಐ.ಡಿ.ಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಬಾಣಂತಿ, ಬಸುರಿ, ಕೂಸು ಎಂದು ನಡೆದೇ ಓಡಾಡಿದ ಸರ್ಕಾರಿ ನರ್ಸು. ನಿವೃತ್ತಿಯಾದ ಮೇಲೆ ಮಧುಗಿರಿಯಲ್ಲಿ, ಬೆಟ್ಟದ ಬುಡದ ಒಂದು ಸಣ್ಣ ಮನೆಗೆ ಬಂದರು. ಹಳ್ಳಿಯವರು ಕರೆಯುತ್ತಿದ್ದ ‘ಸಿಸ್ಟ್ರಮ್ಮ’ ಎಂಬ ಹೆಸರು ಅವರ ಜೊತೆಗೇ ಬಂತು.

ನಮ್ಮಿಬ್ಬರ ಪರಿಚಯಕ್ಕೆ ಕಾರಣ ನನ್ನ ಹೆಂಡತಿಯ ದಾಸವಾಳ. ಮುದ್ದೆ ಮುದ್ದೆ ಕೆಂಪು ಹೂವಿನ ಆ ಗಿಡಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಕಾಂಡಕ್ಕೆ ಯಾರೋ ಅಕ್ಕಿ ಹಿಟ್ಟು ಮೆತ್ತಿದಂತೆ ಬೆಳ್ಳಗೆ. ಸೋಪಿನ ನೀರು ಹೊಡೆದೆ, ಹುಳಿ ಮಜ್ಜಿಗೆ ಹೊಡೆದೆ, ಅಂಗಡಿಯ ಔಷಧಿ ತಂದು ಮೂಗಿಗೆ ಟವೆಲ್ ಕಟ್ಟಿಕೊಂಡು ಹೊಡೆದೆ. ವಾರ ಕಳೆಯುವುದರೊಳಗೆ ಮತ್ತೆ ಹಾಜರು. ಹೆಂಡತಿ, “ಏನ್ರೀ, ಗಿಡಕ್ಕೆ ಹೊಡೀತಿದ್ದೀರೋ, ಹುಳಕ್ಕೆ ಊಟ ಬಡಿಸ್ತಿದ್ದೀರೋ?” ಎಂದು ಕೇಳುವವರೆಗೆ ಬಂದಿತ್ತು ವಿಷಯ.

ಆ ದಿನಗಳಲ್ಲೇ ಶಿರಾದಿಂದ ಒಬ್ಬರು ಪತ್ರ ಬರೆಸಲು ಬಂದರು. ಅಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದಾರೆ, ನಾವೆಲ್ಲ ಭಾಯಿ ಎನ್ನುತ್ತೇವೆ. ನನ್ನ ಮೇಜಿನ ಪಕ್ಕದ ಒಣಗಿದ ತುಳಸಿ ನೋಡಿ ಮರುಕಪಟ್ಟು, ಅಲ್ಲಿಯೇ ನಿಂತು ನನ್ನ ನಂಬರನ್ನು ತಾವೇ ನಡೆಸುತ್ತಿದ್ದ ಗುಂಪಿಗೆ ಸೇರಿಸಿದರು. ಸಂಜೆ ದಾಸವಾಳದ ಫೋಟೋ ಹಾಕಿದೆ. ಹತ್ತು ನಿಮಿಷದಲ್ಲಿ ಹನ್ನೆರಡು ಔಷಧಿ ಬಂದವು. ಹದಿಮೂರನೆಯದಾಗಿ ಒಂದು ಹೆಂಗಸಿನ ದನಿ ಬಂತು.

“ಪತ್ರ ಬರಿಯೋ ಅಪ್ಪ, ನಿಮ್ಮನೆ ನಮ್ಮನೆಗೆ ಹತ್ರಾನೆ ಅಂತಲ್ಲ. ನಾಳೆ ಬೆಳಿಗ್ಗೆ ಬತ್ತೀನಿ. ಅಲ್ಲಿಗಂಟ ಯಾವುದೂ ಹೊಡೀಬ್ಯಾಡ.”

ಮರುದಿನ ಏಳಕ್ಕೆಲ್ಲ ಬಂದರು. ಕುಳ್ಳು ಆಳು, ನಿಂಬೆಹಣ್ಣಿನಷ್ಟು ತುರುಬು, ಹೆಗಲಿಗೆ ಒಂದು ಬಟ್ಟೆ ಚೀಲ. ಮೆಟ್ಟಿಲು ಹತ್ತುವುದರಲ್ಲಿ ನನ್ನನ್ನು ಹಿಂದೆ ಹಾಕಿದರು. ಆಮೇಲೆ ಆ ಚೀಲ ನನಗೆ ಬಾಯಿಪಾಠವಾಯಿತು: ಭೂತಗನ್ನಡಿ, ಟಾರ್ಚು, ಹಳೇ ಸೀರೆಯ ಪಟ್ಟಿಗಳು, ಸೂಜಿ ತೆಗೆದ ಇಂಜೆಕ್ಷನ್ ಸಿರಿಂಜು. ಕಾಂಡದ ಸಂದಿಯೊಳಗೆ ಬೇವಿನ ಎಣ್ಣೆ ಬಿಡುವುದಕ್ಕೆ ಆ ಸಿರಿಂಜು.

ಮಹಡಿಗೆ ಬಂದವರು ಗಿಡದ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆ ನೋಡಿದರು. ನೀರಿನ ಟ್ಯಾಂಕಿನ ಬುಡದವರೆಗೆ ಹೋಗಿ, ಬಗ್ಗಿ, ಮತ್ತೆ ನಿಧಾನವಾಗಿ ಗೋಡೆಯನ್ನು ನೋಡಿಕೊಂಡೇ ಬಂದರು. ನಾನು ಹಿಂದೆ ಹಿಂದೆ ನಡೆದೆ. ಗೋಡೆಯ ಮೇಲೆ ಇರುವೆಯ ಸಾಲು. ಅದು ಕುಂಡ ಹತ್ತಿ, ದಾಸವಾಳದ ಕಾಂಡ ಹತ್ತಿ, ಬಿಳಿ ಹುಳುಗಳ ಮಧ್ಯೆ ಸಂತೆ ನಡೆಸಿತ್ತು.

“ಈ ಬಿಳೀವು ಹಸ ಕಣಪ್ಪ, ಈ ಕರೀವು ದನ ಕಾಯೋರು” ಎಂದರು. “ತಿಗಣೆ ರಸ ಕುಡಿದು ಸೀ ನೀರು ಬುಡ್ತವೆ. ಅದುಕ್ಕೋಸ್ಕರ ಇರುವೆಗಳು ಇವುನ್ನ ಎತ್ಕೊಂಡು ಹೋಗಿ ಚಿಗುರಿಗೆ ಕೂರಿಸ್ತವೆ. ನೀನು ಹಸಾನ ಓಡಿಸ್ತಾ ಇದ್ದೀಯ, ದನ ಕಾಯೋರು ಸಂಜೆಗೆ ಹೊಸಾ ಹಸ ಹೊಡ್ಕೊಂಡು ಬತ್ತಾವ್ರೆ.”

ಬಕೆಟ್ಟಿನ ನೀರನ್ನು ಚೊಂಬಿನಲ್ಲಿ ರಭಸವಾಗಿ ಎರಚಿ ತಿಗಣೆ ತೊಳೆಸಿದರು. ಸೀರೆಯ ಪಟ್ಟಿಯನ್ನು ಹರಳೆಣ್ಣೆಯಲ್ಲಿ ಅದ್ದಿ ಕಾಂಡಕ್ಕೆ ಸುತ್ತಿದರು. ಗೋಡೆಗೆ ತಾಗಿದ್ದ ಕೊಂಬೆಯೊಂದನ್ನು ಕತ್ತರಿಸಿದರು. ನಮ್ಮ ಮನೆಯ ಕಾಫಿ ಕುಡಿದು, ಎರಡು ದಿನಕ್ಕೊಮ್ಮೆ ತೊಳಿ ಎಂದು ಹೇಳಿ ಹೋದರು. ಇರುವೆಗಳು ಪಟ್ಟಿಯವರೆಗೆ ಬಂದು, ಮೀಸೆ ಆಡಿಸಿ, ವಾಪಸ್ಸು ಹೋಗುವುದನ್ನು ನಾನು ಆ ದಿನ ಕಚೇರಿಗೆ ತಡವಾಗುವಷ್ಟು ಹೊತ್ತು ನೋಡಿದೆ. ಮೂರನೆಯ ವಾರ ಒಂದು ಬೆಳಿಗ್ಗೆ ಹೆಂಡತಿ ಮೇಲಿನಿಂದ ಕೂಗಿದಳು. ಮುಖಕ್ಕೆ ಹಚ್ಚಿದ್ದ ಸೋಪು ಹಾಗೇ ಇಟ್ಟುಕೊಂಡು ಓಡಿದೆ. ಒಂದಲ್ಲ, ನಾಲ್ಕು ಹೂವು. ಆ ನಾಲ್ಕು ಹೂವು ನನ್ನನ್ನು ಪೂರ್ತಿ ಹಾಳು ಮಾಡಿದವು. ಅಲ್ಲಿಂದ ಮುಂದೆ ಸಿಸ್ಟ್ರಮ್ಮ ಯಾರ ಮನೆಯ ಮಹಡಿಗೆ ಹೊರಟರೂ ಚೀಲ ಹೊರುವುದಕ್ಕೆ ನಾನು ತಯಾರಾಗಿರುತ್ತಿದ್ದೆ.

ಅವರು ಕೇಳುವ ಪ್ರಶ್ನೆಗಳು ಯಾವಾಗಲೂ ಒಂದೇ. ಯಾವತ್ತಿಂದ ಇಂಗೈತೆ? ಅದುಕ್ಕೆ ಮುಂಚೆ ಏನು ಹಾಕ್ದೆ? ಪಕ್ಕದ ಗಿಡಕ್ಕೂ ಐತಾ? ಎಲೆ ಮಗುಚಿ ನೋಡ್ದಾ? ಈ ನಾಲ್ಕಕ್ಕೆ ಉತ್ತರ ಬರದೆ ಒಂದು ಮಾತೂ ಆಡುತ್ತಿರಲಿಲ್ಲ. ಯಾರಾದರೂ ಎಲೆಯ ಮೇಲ್ಭಾಗದ ಚೆಂದದ ಫೋಟೋ ಕಳಿಸಿದರೆ, “ಮೊಕ ತೋರಿಸ್ಬ್ಯಾಡ ಕಣಮ್ಮ, ಬೆನ್ನು ತೋರ್ಸು. ಹುಳ ಮೊಕದ ಮೇಲೆ ಸಂಸಾರ ಮಾಡಲ್ಲ” ಎನ್ನುತ್ತಿದ್ದರು. ಔಷಧಿಯ ಹೆಸರು ಕೇಳಿದವರಿಗೆ ಒಂದೇ ಉತ್ತರ: “ಔಷಧಿ ಅನ್ನೋದು ಕೊನೇ ಬಸ್ಸು. ಮುಂಚಿನ ಬಸ್ಸೆಲ್ಲ ಹೋದ್ಮೇಲೆ ಅದುನ್ನ ಹತ್ತು.”

ಕೊರಟಗೆರೆಯ ಒಬ್ಬ ನಿವೃತ್ತ ಮೇಷ್ಟರು ತಮ್ಮ ಗುಲಾಬಿ ಹಳದಿಯಾಗುತ್ತಿದೆ ಎಂದು ದಿನಕ್ಕೊಂದು ಫೋಟೋ ಹಾಕುತ್ತಿದ್ದರು. ನೀರು ಎಷ್ಟು ಹೊತ್ತು ಹಾಕ್ತೀರಿ ಎಂದು ಸಿಸ್ಟ್ರಮ್ಮ ಕೇಳಿದರು. ಮೂರು ಹೊತ್ತು ಎಂದರು ಮೇಷ್ಟರು. “ಅದು ನೀರು ಮೇಷ್ಟ್ರೇ, ಊಟ ಅಲ್ಲ. ಗಿಡದ ಕಾಲು ಕೊಳೀತಾವೆ. ಒಂದು ವಾರ ಅದನ್ನ ಮರ್ತು ನೆಂಟರ ಮನೆಗೆ ಹೋಗ್ಬುಡಿ.” ಮೇಷ್ಟರು ನಿಜವಾಗಿಯೂ ಮಗಳ ಮನೆಗೆ ಹೋದರು. ಬಂದು ನೋಡಿದರೆ ಚಿಗುರು ಒಡೆದಿತ್ತು. ಗುಂಪಿನಲ್ಲಿ ಅವತ್ತು ಹಬ್ಬ.

ಅವರು ತಪ್ಪೇ ಮಾಡುತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಒಂದು ದೊಡ್ಡ ತಪ್ಪು ಮಾಡಿದರು. ಅವರನ್ನು ನಾನು ಹೆಚ್ಚು ಹಚ್ಚಿಕೊಂಡಿದ್ದು ಆ ತಪ್ಪಾದ ಮೇಲೆಯೇ.

ಶಿರಾದ ಭಾಯಿಗೆ ಅಂಗಡಿಯ ಹಿಂದೆ ನಾಲ್ಕು ಮಾರು ಜಾಗ. ಅಲ್ಲಿ ಅಲಸಂದೆ ಬಳ್ಳಿ ಹಬ್ಬಿಸಿದ್ದರು. ಕುಡಿಗಳಿಗೆಲ್ಲ ಕರಿ ಹೇನು ಮುತ್ತಿತು. ಹೇನುಗಳ ನಡುವೆ ಇನ್ನೊಂದು ಜಾತಿಯ ಹುಳ ಕಂಡು ಅವರು ಹೆದರಿದರು. ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲು, ಪುಟ್ಟ ಮೊಸಳೆಯ ಹಾಗೆ. ಫೋಟೋ ಮಸುಕಾಗಿತ್ತು. ಸಿಸ್ಟ್ರಮ್ಮ ನೋಡಿ, “ಇದು ಹೇನಿಗಿಂತ ಕೆಟ್ಟದ್ದಿರಬೇಕು. ಕಡ್ಡೀಲಿ ತೆಗೆದು ಸೋಪಿನ ನೀರಿಗೆ ಹಾಕ್ಬುಡಿ” ಎಂದರು. ಭಾಯಿ ಎರಡು ದಿನ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಒಂದೊಂದೇ ಹುಳ ಹೆಕ್ಕಿದರು. ಆದರೆ ಹೇನು ಇಮ್ಮಡಿಯಾಯಿತು.

ಅಷ್ಟರಲ್ಲಿ ಸಿಸ್ಟ್ರಮ್ಮನ ಹಿತ್ತಲಿನ ಅವರೆ ಗಿಡಕ್ಕೂ ಅದೇ ಮೊಸಳೆ ಬಂತು. ಅವರು ಅದನ್ನು ಸಾಯಿಸಲಿಲ್ಲ. ಹೇನು ಹತ್ತಿದ ಎಲೆಯ ಸಮೇತ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಅಡಿಗೆ ಮನೆಯ ಕಿಟಕಿಯಲ್ಲಿಟ್ಟರು. ಸಂಜೆ ನನಗೆ ಫೋನು. “ಏನಪ್ಪ, ಕೆಲಸ ಇದ್ರೂ ಬುಟ್ಟು ಬಾ.”

ಹೋದೆ. ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಒಳಗೆ ಆ ಮೊಸಳೆ ಒಂದು ಹೇನನ್ನು ಹಿಡಿದು ತಿನ್ನುತ್ತಿತ್ತು. ತಿಂದು ಮುಗಿಸಿ ಇನ್ನೊಂದಕ್ಕೆ ಹೋಯಿತು. ನಾವಿಬ್ಬರೂ ಸರದಿಯ ಮೇಲೆ ನೋಡಿದೆವು, ಕುಸ್ತಿ ನೋಡುವವರ ಹಾಗೆ. ಕೆಲವು ದಿನಕ್ಕೆ ಅದು ಎಲೆಗೆ ಅಂಟಿಕೊಂಡು ಗಟ್ಟಿಯಾಯಿತು. ಆಮೇಲೊಂದು ಬೆಳಿಗ್ಗೆ ಬಾಟಲಿಯೊಳಗೆ ಮೊಸಳೆ ಇಲ್ಲ. ಕೆಂಪು ಬೆನ್ನಿನ ಗುಲಗಂಜಿ ಹುಳು ಓಡಾಡುತ್ತಿತ್ತು. ಚಿಕ್ಕಂದಿನಲ್ಲಿ ನಾವೆಲ್ಲ ಬೆರಳ ತುದಿಗೆ ಹತ್ತಿಸಿಕೊಂಡು ಹಾರಿಸುತ್ತಿದ್ದ ಅದೇ ಹುಳು. ಅದರ ಮರಿಯೇ ಆ ಮೊಸಳೆ ಎಂಬುದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಸಿಸ್ಟ್ರಮ್ಮ ಅಲ್ಲೇ ನಿಂತು ಗುಂಪಿಗೆ ಮಾತು ಕಳಿಸಿದರು. “ಎಲ್ರೂ ಕೇಳಿ. ಭಾಯಿಗೆ ನಾನು ತಪ್ಪು ಹೇಳ್ದೆ. ಅವುರು ಸಾಯಿಸಿದ್ದು ಕಾಯೋ ಹುಳಾನ. ಅವುರ್ದು ತಪ್ಪಿಲ್ಲ, ನಂದು. ಮಸುಕು ಫೋಟೋ ನೋಡಿ ಗೊತ್ತಿದ್ದೋಳಂಗೆ ಮಾತಾಡ್ದೆ. ಇನ್ಮೇಲೆ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತೀನಿ, ನೀವೂ ಅನ್ನಿ.”

ಅಷ್ಟಕ್ಕೇ ಬಿಡಲಿಲ್ಲ. ಎರಡು ದಿನ ಮಧುಗಿರಿಯ ಬೇಲಿ, ಹೊಲದ ಬದು ಎಲ್ಲ ಹುಡುಕಿ ಗುಲಗಂಜಿ ಹುಳು ಕೂಡಿಹಾಕಿದೆವು. ಭಾನುವಾರ ಶಿರಾ ಬಸ್ಸು ಹತ್ತಿದೆವು. ಬಾಟಲಿ ಅವರ ತೊಡೆಯ ಮೇಲೆ. ಪಕ್ಕದ ಸೀಟಿನ ಹೆಂಗಸು ಏನಮ್ಮ ಅದು ಎಂದು ಕೇಳಿದ್ದಕ್ಕೆ, “ಪೊಲೀಸ್ನೋರು” ಎಂದರು. ಆಕೆ ಶಿರಾ ಬರುವವರೆಗೂ ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ. ಭಾಯಿ ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಅಲಸಂದೆ ಬಳ್ಳಿಯ ಬುಡದಲ್ಲಿ ಬಟ್ಟೆ ಬಿಚ್ಚಿದಾಗ ಕೆಂಪು ಹುಳುಗಳು ಒಂದೊಂದಾಗಿ ಕಡ್ಡಿ ಹತ್ತಿ ಹೇನಿನ ಕಡೆ ನಡೆದವು. ಭಾಯಿ ಟೋಪಿ ಸರಿಮಾಡಿಕೊಂಡು, “ಬಿಲ್ಕುಲ್ ಬಾರಾತ್ ಬಂದಂಗೈತೆ ಸಿಸ್ಟರ್. ಹೆಣ್ಣಿನ ಮನೆಯೋರು ನಾವು. ಊಟ ಮಾಡ್ಕೊಂಡೇ ಹೋಗ್ಬೇಕು” ಎಂದರು. ಬಾರಾತ್ ಎಂದರೆ ಗಂಡಿನ ದಿಬ್ಬಣ. ನಾವು ಗಂಡಿನ ಕಡೆಯವರ ಹಾಗೆಯೇ ಕೂತು ಹೊಟ್ಟೆ ತುಂಬ ಉಂಡೆವು.

ಇನ್ನು ವಳ್ಳೂರಿನ ಸಂಗತಿ.

ಪಾವಗಡ ತಾಲ್ಲೂಕಿನ ವಳ್ಳೂರಿನಿಂದ ಒಬ್ಬ ಹೆಣ್ಣುಮಗಳು ಗುಂಪಿಗೆ ಸೇರಿದ್ದಳು. ವಯಸ್ಸು ನಲವತ್ತರ ಆಸುಪಾಸು. ಹೊಲವನ್ನು ಸೋಲಾರ್‌ಗೆ ಗುತ್ತಿಗೆ ಕೊಟ್ಟಿದ್ದರು, ಗಂಡ ಅಲ್ಲಿಯೇ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದ. ಹೊಲದ ಕೆಲಸ ಇಲ್ಲದೆ ಕೈ ಸುಮ್ಮನಿರಲಾರದೆ ಈಕೆ ಒಡೆದ ಬಕೆಟ್ಟು, ಬಣ್ಣದ ಡಬ್ಬಗಳಲ್ಲಿ ಮೆಣಸಿನ ಗಿಡ ಹಾಕಿದ್ದಳು. ಒಂದು ಮಧ್ಯಾಹ್ನ ಆಕೆ ಫೋಟೋ ಹಾಕಿ, “ಎಲೆಲ್ಲ ಮುದುರ್ಕೊಂಡೈತೆ ಸಿಸ್ಟ್ರಮ್ಮ, ಏಮೋ ತಿಳೀತಿಲ್ಲ” ಎಂದು ಬರೆದಳು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದ ಒಂದು ಎಲೆಯ ಫೋಟೋ ಅದು.

ಸಿಸ್ಟ್ರಮ್ಮ ಗುಂಪಿನಲ್ಲಿ ಉತ್ತರಿಸಿದರು. ಎಲೆ ಮೇಲಕ್ಕೆ ದೋಣಿಯಂತೆ ಮುದುರಿದರೆ ಥ್ರಿಪ್ಸ್ ಹುಳ, ಕೆಳಕ್ಕೆ ಮುದುರಿದರೆ ನುಸಿ, ನಿನ್ನದು ಕೆಳಕ್ಕೆ ಮುದುರಿದೆ, ಎಲೆಯ ಬೆನ್ನಿಗೆ ದಿನಾ ನೀರು ಚಿಮುಕಿಸು ಎಂದರು. ಅರ್ಧ ಗಂಟೆ ಬಿಟ್ಟು ನನಗೆ ಫೋನು ಬಂತು.

“ಆ ಫೋಟೋ ನೋಡಿದ್ಯೇನಪ್ಪ?”

“ನೋಡ್ದೆ. ನುಸಿ ಅಂದ್ರಲ್ಲ.”

“ಎಲೆ ಬುಡು. ಉಗುರು ನೋಡು.”

ಮತ್ತೆ ತೆಗೆದು ನೋಡಿದೆ. ಅವರು ಹೇಳಿದ ಮೇಲೆ ಕಂಡಿತು. ಉಗುರು ಸುಣ್ಣದ ಹಾಗೆ ಬೆಳ್ಳಗಿತ್ತು. ಮಧ್ಯಕ್ಕೆ ತಗ್ಗಾಗಿ, ಚಮಚದ ಹಾಗೆ ಅಂಚು ಮೇಲೆದ್ದಿತ್ತು. ಆ ಫೋಟೋವನ್ನು ಗುಂಪಿನಲ್ಲಿ ಎಷ್ಟೋ ಜನ ನೋಡಿದ್ದರು. ನಾವೆಲ್ಲ ಎಲೆ ನೋಡಿದ್ದೆವು.

“ಮೈಯಾಗೆ ರಕ್ತ ಇಲ್ಲ ಆ ಮಗೀಗೆ” ಎಂದರು. “ನಾನು ಈಗ ಅವಳ ಹತ್ರ ಮಾತಾಡ್ದೆ. ನಾಲ್ಕು ಹೆಜ್ಜೆ ನಡೆದ್ರೆ ಏದುಸಿರು ಬತ್ತೈತಂತೆ. ಕದ್ದು ಬಳಪ ತಿಂತಾಳಂತೆ. ತಿಂಗಳ ಮುಟ್ಟು ನಿಲ್ತಾನೇ ಇಲ್ಲವಂತೆ, ಯಾರಿಗೂ ಹೇಳಿಲ್ಲ. ನಾಳೆ ರಜಾ ಐತಲ್ಲ ನಿಂಗೆ. ವಳ್ಳೂರಿಗೆ ಹೋಗಾನ.”

ಮರುದಿನ ಮೊದಲ ಬಸ್ಸಿಗೆ ಪಾವಗಡ, ಅಲ್ಲಿಂದ ಇನ್ನೊಂದು ಬಸ್ಸಿಗೆ ವಳ್ಳೂರು. ದಾರಿಯ ಎರಡೂ ಕಡೆ ಪ್ಯಾನೆಲ್‌ಗಳು ಬಿಸಿಲಿಗೆ ಮುಖ ಮಾಡಿ ಮಲಗಿದ್ದವು.

ಮನೆಯ ಬಾಗಿಲಲ್ಲಿ ಅತ್ತೆ ಕೂತಿದ್ದಳು. ನಾವು ಗಿಡದ ಗುಂಪಿನವರು ಎಂದು ತಿಳಿದಾಗ ಆಕೆಗೆ ನಗು. ಸಿಸ್ಟ್ರಮ್ಮ ಸೊಸೆಯನ್ನು ಕೂರಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಾಗ ನಗು ನಿಂತಿತು. “ಚೆಟ್ಲ ಡಾಕ್ಟರಮ್ಮ ಮನುಷುಲ್ನಿ ಕೂಡಾ ಚೂಸ್ತಾರಾ?” ಎಂದಳು. ಗಿಡದ ಡಾಕ್ಟರಮ್ಮ ಮನುಷ್ಯರನ್ನೂ ನೋಡುತ್ತಾರಾ ಎಂದು.

“ಮುಂಚೆ ಮನುಷ್ಯರನ್ನೇ ನೋಡ್ತಿದ್ದೆ ಕಣವ್ವ. ನಿನ್ನ ಸೊಸೆ ರೆಪ್ಪೆ ನೋಡು, ಕಾಗದ ಆಗೈತೆ. ಒಂದು ವಾರ ಬುಟ್ರೆ ಬಿದ್ದೋಗ್ತಾಳೆ.”

“ಸೋಮಾರಿ ಆಗವ್ಳೆ ಅಂದ್ಕೊಂಡಿದ್ದೆ” ಎಂದಳು ಅತ್ತೆ, ದನಿ ತಗ್ಗಿಸಿ.

“ಅಂಗೇ ಕಾಣ್ತದೆ. ಎಲ್ರಿಗೂ ಅಂಗೇ ಕಾಣ್ತದೆ. ಸೀರೆ ಉಟ್ಕೋ, ನೀನೂ ನಡಿ.”

ಪಾವಗಡದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ವೈದ್ಯೆ ವರದಿ ನೋಡಿ, ಈಕೆ ನಡೆದು ಬಂದದ್ದೇ ಆಶ್ಚರ್ಯ ಎಂದರು. ಆ ಕ್ಷಣವೇ ಆಂಬುಲೆನ್ಸಿನಲ್ಲಿ ತುಮಕೂರಿಗೆ ಕಳಿಸಿದರು. ರಕ್ತ ಏರಿಸಬೇಕು, ಬದಲಿಗೆ ರಕ್ತ ಕೊಡುವವರು ಬೇಕು. ಆಂಬುಲೆನ್ಸಿನೊಳಗೆ ಕೂತು ನಾನು ಗುಂಪಿಗೆ ಬರೆದೆ. ಎಲೆ, ಹುಳ, ಗೊಬ್ಬರ ಬಿಟ್ಟು ಬೇರೆ ಯಾವ ಮಾತನ್ನೂ ಆ ಗುಂಪಿನಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ.

ನಾವು ತುಮಕೂರು ತಲುಪುವಾಗ ಭಾಯಿ ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದರು. ಅಂಗಡಿಗೆ ಬೀಗ ಹಾಕಿ ತಮ್ಮನನ್ನೂ ಕರೆತಂದಿದ್ದರು. ಸ್ವಲ್ಪ ಹೊತ್ತಿಗೆ ಕೊರಟಗೆರೆಯಿಂದ ಮೂವರು ಬಂದಿಳಿದರು. ಮೇಷ್ಟರಿಗೆ ವಯಸ್ಸಾಯಿತೆಂದು ರಕ್ತ ತೆಗೆದುಕೊಳ್ಳಲಿಲ್ಲ. ಅವರು ಬೇಜಾರುಪಟ್ಟುಕೊಂಡು ಎಲ್ಲರಿಗೂ ಎಳನೀರು ತಂದರು. ನಮ್ಮಲ್ಲಿ ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ದನಿ ಕೇಳಿ, “ನೀವಾ ಗುಲಾಬಿ ಮೇಷ್ಟ್ರು? ನೀವಾ ದಾಸವಾಳ?” ಎಂದು ಗುರುತು ಹಿಡಿದುಕೊಂಡೆವು. ಆಸ್ಪತ್ರೆಯ ವರಾಂಡದಲ್ಲಿ ಹಾಗೆ ನಗುವುದು ಸರಿಯೋ ತಪ್ಪೋ, ತಡೆದುಕೊಳ್ಳಲು ಮಾತ್ರ ಯಾರಿಂದಲೂ ಆಗಲಿಲ್ಲ.

ಗರ್ಭಕೋಶದಲ್ಲಿ ಗಡ್ಡೆ ಇತ್ತು. ರಕ್ತ ಏರಿಸಿದ ಮೇಲೆ ಅದಕ್ಕೂ ಚಿಕಿತ್ಸೆಯಾಯಿತು. ಎರಡನೆಯ ದಿನ ಆಕೆ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, “ನನ್ನ ಗಿಡಕ್ಕೆ ಯಾರು ನೀರು ಹಾಕ್ತಾರೆ?” ಅದಕ್ಕೂ ಉತ್ತರ ಬಂತು. ಅಷ್ಟು ಹೊತ್ತಿಗೆ ಊರಿಗೆ ಮರಳಿದ್ದ ಅತ್ತೆ ಮೊಮ್ಮಗಳ ಫೋನಿನಿಂದ ಗುಂಪಿಗೆ ಒಂದು ಫೋಟೋ ಕಳಿಸಿದ್ದಳು. ಅರ್ಧ ಅವಳ ಹೆಬ್ಬೆರಳು, ಇನ್ನರ್ಧ ನೀರು ತೊಟ್ಟಿಕ್ಕುವ ಮೆಣಸಿನ ಗಿಡ. ಎಲೆಯ ಬೆನ್ನನ್ನೇ ತೆಗೆದಿದ್ದಳು.

ಇಷ್ಟೆಲ್ಲ ಆದ ಮೇಲೆ ಗುಂಪು ದೊಡ್ಡದಾಯಿತು. ವಳ್ಳೂರಿನ ಹತ್ತಿರದ ತಿರುಮಣಿಯಿಂದಲೂ ಜನ ಸೇರಿದರು. ಹೋದ ವರ್ಷ ಎಲ್ಲರೂ ಒಮ್ಮೆ ಕೂಡೋಣ ಎಂದು ಮೇಷ್ಟರು ಕೊರಟಗೆರೆಯ ತಮ್ಮ ಹಿತ್ತಲಿಗೆ ಕರೆದರು. ಜನ ಊಟದ ಡಬ್ಬಿಯಲ್ಲಿ ರೋಗದ ಎಲೆ ತುಂಬಿಕೊಂಡು ಬಂದಿದ್ದರು. ಮೇಷ್ಟರ ಹೆಂಡತಿ ಚಿತ್ರಾನ್ನ ಎಂದು ಒಂದು ಡಬ್ಬಿ ತೆರೆದು ಕಿರುಚಿದರು. ನಾವು ಸಿಸ್ಟ್ರಮ್ಮನಿಗೆ ಹುಣಸೆ ಮರದ ಕೆಳಗೆ ಕುರ್ಚಿ ಹಾಕಿ ಸಾಲು ನಿಂತೆವು. ಅವರು ಕೈ ಕಟ್ಟಿಕೊಂಡು ಕೂತರು.

“ಇವತ್ತು ನಾನು ನೋಡಲ್ಲ. ಒಬ್ಬರದ್ದು ಒಬ್ಬರು ನೋಡಿ. ಜಗಳ ಆಡಿ. ನಾನು ಕೇಳಿಸ್ಕೊಂತೀನಿ.”

ಜಗಳ ಆಡಿದೆವು, ಸಂಜೆಯವರೆಗೆ. ಭಾಯಿಯೂ ವಳ್ಳೂರಿನ ಹೆಣ್ಣುಮಗಳೂ ಒಂದು ಟೊಮೆಟೊ ಎಲೆಯ ಮೇಲಿನ ಸುರುಳಿ ಗೆರೆಗಾಗಿ ಬಡಿದಾಡಿಕೊಂಡರು. ಕೊನೆಗೆ ಎಲೆಯನ್ನು ಬೆಳಕಿಗೆ ಹಿಡಿದಾಗ, ಗೆರೆಯ ತುದಿಯಲ್ಲಿ, ಎಲೆಯ ಎರಡು ಪದರದ ನಡುವೆ, ಅಕ್ಕಿಯ ನುಚ್ಚಿಗಿಂತ ಸಣ್ಣ ಹುಳ ಸುರಂಗ ತೋಡುತ್ತಿರುವುದು ಕಂಡಿತು. ಇಡೀ ಹಿತ್ತಲು ಹೋ ಎಂದಿತು. ಸಿಸ್ಟ್ರಮ್ಮ ಕುರ್ಚಿಯಲ್ಲಿ ಕೂತೇ ನಗುತ್ತಿದ್ದರು. ಆ ಎಲೆಯನ್ನು ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ. ನಾನು ಅದನ್ನು ಗಮನಿಸಿಯೂ ಯೋಚಿಸಲಿಲ್ಲ. ಮಾರನೆಯ ಬೆಳಿಗ್ಗೆ ಅವರು ಗುಂಪು ಬಿಟ್ಟರು.

ಆ ಕ್ರಯಪತ್ರ ಮುಗಿಸಿ ನೇರ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಯಾರು ಏನಂದರು, ಯಾಕೆ ಹೋದಿರಿ ಎಂದು ಒಂದೇ ಉಸಿರಿಗೆ ಕೇಳಿದೆ.

“ಯಾರೂ ಏನೂ ಅಂದಿಲ್ಲ. ಕಣ್ಣು ಹೋಗ್ತಾ ಐತೆ ಕಣಪ್ಪ.”

ಬೆಂಗಳೂರಿನಲ್ಲಿ ತೋರಿಸಿದ್ದರಂತೆ. ಪೊರೆಯಲ್ಲ, ಕಣ್ಣಿನ ಹಿಂದಿನ ಪರದೆಯದು, ಇರುವಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದಿದ್ದರಂತೆ. ಎದುರಿನದು ನಡುವೆ ಕರಗಿದ ಹಾಗೆ ಕಾಣುತ್ತದೆ, ಅಂಚು ಮಾತ್ರ ಸರಿಯಾಗಿರುತ್ತದೆ.

“ಒಬ್ಬಳ ನಿಂಬೆ ಗಿಡದ ಫೋಟೋ ಬಂದಿತ್ತು ಹೋದ ತಿಂಗಳು. ಹಳದೀನ ಬಿಳಿ ಅಂದೆ. ಆಯಮ್ಮ ನನ್ನ ಮಾತು ನಂಬಿ ಏನೇನೋ ಮಾಡಿದ್ರೆ? ಕಾಣದೋರು ಕಂಡಂಗೆ ಹೇಳಬಾರ್ದು. ಕೊರಟಗೆರೇಲಿ ನಿಮ್ಮ ಜಗಳ ಕೇಳಿಸ್ಕೊಂಡೆ. ಎಲ್ರೂ ಎಲೆ ಮಗುಚ್ತಾ ಇದ್ರಿ, ಶಬ್ದ ಬತ್ತಿತ್ತು. ಇನ್ನು ನಾನು ಯಾಕೆ?”

“ಹೇಳಿ ಹೋಗಬಹುದಿತ್ತಲ್ಲ ಸಿಸ್ಟ್ರಮ್ಮ.”

“ಹೇಳಿದ್ರೆ ಬುಡ್ತಿದ್ರಾ ನೀವು? ಅಳೋರು, ಹಾರ ತರೋರು. ನಂಗೆ ಆಗಲ್ಲಪ್ಪ.”

ಅವರ ದನಿಯಲ್ಲಿ ಅಳು ಇರಲಿಲ್ಲ. ಹುಡುಕಿದೆ, ಸಿಗಲಿಲ್ಲ. ನನ್ನ ಕಣ್ಣು ಮಾತ್ರ ಒದ್ದೆಯಾಗಿತ್ತು. ಅದು ಅವರಿಗೆ ಕಾಣುವುದಿಲ್ಲ ಎಂದುಕೊಂಡು ಒರೆಸಿಕೊಳ್ಳದೆ ಕೂತೆ. “ಮೂಗು ಒರೆಸ್ಕೋ” ಎಂದು ಟವೆಲ್ ಕೊಟ್ಟರು. ಗುಂಪಿಗೆ ವಿಷಯ ತಿಳಿಸುವುದನ್ನು ನನಗೆ ಬಿಟ್ಟರು. ಭಾಯಿ ಹಾರ ತರಲಿಲ್ಲ. ಒಳ್ಳೆಯ ಬೂರುಗದ ಹತ್ತಿ ತುಂಬಿದ ಒಂದು ದಿಂಬು ತಂದುಕೊಟ್ಟು, ಕೂರುವುದಕ್ಕೆ ಎಂದರು.

ಈ ಮಳೆಗಾಲದ ಮೊದಲ ವಾರ ಅವರಿಂದ ಫೋನು ಬಂತು. “ಏನಪ್ಪ, ಪುರುಸೊತ್ತಾಗೈತಾ? ನನ್ನ ಬದನೆ ಗಿಡ ಸರಿಯಿಲ್ಲ. ಬಂದು ನೋಡ್ತೀಯಾ?”

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಏನನ್ನೂ ನೋಡಲು ಕೇಳಿರಲಿಲ್ಲ. ಸ್ಕೂಟರ್ ಹತ್ತಿ ಹೇಗೆ ಹೋದೆನೋ ತಿಳಿಯದು. ಹಿತ್ತಲಲ್ಲಿ ಆರೇಳು ಬದನೆ ಗಿಡ. ಅವರು ಒಂದೊಂದೇ ಕುಡಿಯ ಮೇಲೆ ಬೆರಳಾಡಿಸುತ್ತ, “ನೆತ್ತಿ ಜೋತೈತೆ ಅಂತ ಕೈಗೆ ಗೊತ್ತಾಯ್ತದೆ. ಬುಡಕ್ಕೆ ನೀರೈತೆ, ಮಣ್ಣು ಮುಟ್ಟಿ ನೋಡ್ದೆ. ಯಾಕೆ ಅಂತ ಕಾಣ್ತಿಲ್ಲ” ಎಂದರು.

ಎಲೆ ಮಗುಚಿದೆ. ಏನೂ ಇಲ್ಲ. ಇನ್ನೊಂದು ಮಗುಚಿದೆ. ಅಲ್ಲೂ ಇಲ್ಲ. ಅವರು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಕಾದರು. ಪರೀಕ್ಷೆ ಬರೆಯುವ ಹುಡುಗನ ಹಾಗೆ ಬೆವೆತೆ. ಜೋತ ಕುಡಿಯಿಂದ ಕೆಳಗೆ ಕಾಂಡದ ಮೇಲೆ ಕಣ್ಣು ಇಳಿಸುತ್ತ ಬಂದೆ. ಎಲೆ ಕಾಂಡಕ್ಕೆ ಸೇರುವ ಮೂಲೆಯಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು. ತೂತಿನ ಬಾಯಿಗೆ ಹುಡಿ ಹುಡಿ ಹಿಕ್ಕೆ.

“ತೂತೈತೆ ಸಿಸ್ಟ್ರಮ್ಮ” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

“ಎಲ್ಲಿ?”

“ಕಾಂಡದಲ್ಲಿ. ಒಳಗೆ ಕೊರೆದವ್ನೆ.”

ಬ್ಲೇಡಿನಿಂದ ಕುಡಿ ಕತ್ತರಿಸಿ ಉದ್ದಕ್ಕೆ ಸೀಳಿದೆ. ಒಳಗೆ ಗುಲಾಬಿ ಬಣ್ಣದ ಹುಳ ಮೈ ಮುದುರಿಕೊಂಡಿತ್ತು.

“ಇಲ್ಲಿ ಬುಡು” ಎಂದು ಸಿಸ್ಟ್ರಮ್ಮ ಅಂಗೈ ಚಾಚಿದರು. ಬಿಟ್ಟೆ. ಅದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಅವರ ಅಂಗೈಯ ಗೆರೆ ಹಿಡಿದು ನಡೆಯತೊಡಗಿತು. ಅವರು ತಲೆ ಓರೆ ಮಾಡಿ, ಕೇಳಿಸಿಕೊಳ್ಳುವವರ ಹಾಗೆ ಕೂತರು. ಮುಖದ ತುಂಬ ನಗು.

“ನಡೀತೈತೆ. ಕಚಗುಳಿ ಇಡ್ತೈತೆ, ಕಳ್ಳ. ಎಲೇಲಿ ಇರಲಿಲ್ವಾ?”

“ಎಲೇಲಿ ಏನೂ ಇರಲಿಲ್ಲ.”

“ನಾನಾಗಿದ್ರೆ ಎಲೇನೇ ನೋಡ್ತಾ ಕೂತಿರ್ತಿದ್ದೆ.” ಪಕ್ಕದ ಮನೆಯ ಕೋಳಿಯನ್ನು ಬಾ ಬಾ ಎಂದು ಕರೆದು ಹುಳವನ್ನು ಅದರ ಮುಂದೆ ಉದುರಿಸಿದರು. ಕೈ ಕೊಡವಿ ಕಲ್ಲಿನಿಂದ ಎದ್ದು, ಪಕ್ಕದ ಗಿಡದ ಜೋತ ಕುಡಿಯನ್ನು ತಡಕಿ ಹಿಡಿದು ನನ್ನ ಕಡೆ ಬಗ್ಗಿಸಿದರು.

“ಬೇಗ ಸೀಳು. ಇದರಾಗೆ ಎಷ್ಟು ಅವ್ರೆ ನೋಡಾನ.”